ಮುಳಿಹುಲ್ಲಿನ ಮಾಡು

ಮಂಗೋಲಿಯದ ಬಯಲುಗಳಲ್ಲಿ ಹಿಂಡಿನೊಡನೆ ಅಲೆಯುವ ಜನರು ಕುರಿಯ ಉಣ್ಣೆಯನ್ನು ನೆನೆಸಿ, ಸುತ್ತಿ, ಉರುಳಿಸಿ, ನೇಯದೆಯೇ ದಪ್ಪನಾದ ಹಾಸು ಮಾಡಿ ತಮ್ಮ ದುಂಡನೆಯ ಡೇರೆಗಳಿಗೆ ಹೊದೆಸುವರು. 1253ರಲ್ಲಿ ಅತ್ತ ಪಯಣ ಹೊರಟ ರುಬ್ರುಕಿನ ವಿಲಿಯಂ ಎಂಬ ಪಾದ್ರಿಯು ಅವನ್ನು ಕಂಡು ವರ್ಣಿಸಿರುವನು. ಚಳಿಗಾಲಕ್ಕೆ ಪದರಗಳನ್ನು ಹೆಚ್ಚಿಸುವುದು, ಬೇಸಗೆಯಲ್ಲಿ ಅಂಚನ್ನೆತ್ತಿ ಗಾಳಿಗೆ ಎಡೆಗೊಡುವುದು ಅವರ ಕ್ರಮ. ಅಲ್ಲಿ ಚಳಿಯನ್ನು ತಡೆಯುವುದು ಎಳೆಗಳ ನಡುವೆ ಸಿಲುಕಿದ ನಿಶ್ಚಲ ವಾಯು. ನಮ್ಮ ಕಾಸರಗೋಡಿನ ಸೀಮೆಯಲ್ಲಿ ಬಿಸಿಲನ್ನು ತಡೆಯಲು ಅದೇ ವಾಯುವನ್ನು ಹಿಡಿದಿಟ್ಟದ್ದು ಮುಳಿಹುಲ್ಲು.

ಮುರಕಲ್ಲಿನ ಪದವುಗಳಲ್ಲಿ ಮಳೆಗಾಲದಲ್ಲಿ ಬೆಳೆದ ಈ ಹುಲ್ಲನ್ನು ಒಣಗಿದ ಮೇಲೆ ಕೊಯ್ದು, ಸೂಡಿ ಕಟ್ಟಿ, ಮುಂದಿನ ಮಳೆಗೆ ಮುನ್ನವೇ ಮಾಡಿಗೆ ಹೊದೆಸಬೇಕಾಗಿತ್ತು. ಬಿದಿರು, ಅಡಕೆಯ ಸಲಾಕೆಗಳ ಹಂದರ, ಬಳ್ಳಿಯ ಕಟ್ಟು, ನೀರು ನಿಲ್ಲದಂತೆ ಕಡಿದಾದ ಇಳಿಜಾರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಇದಾವುದೂ ಅಲಂಕಾರವಲ್ಲ. ಒಲೆಯ ಹೊಗೆ ಹುಲ್ಲಿಗೆ ಹುಳು ಹಿಡಿಯದಂತೆ ಕಾಯುತ್ತಿತ್ತು. ಬೆಂಕಿಯ ಭಯವಂತೂ ಇದ್ದೇ ಇತ್ತು; ಅನುಕೂಲಸ್ಥರು ಹಲಗೆಯ ಮುಚ್ಚಿಗೆಯ ಮೇಲೆ ಮಣ್ಣು ಹಾಸಿ, ಮಾಡು ಉರಿದರೂ ಮನೆಯೊಳಗಿನ ಸೊತ್ತು ಉಳಿಯುವಂತೆ ಮಾಡಿಕೊಳ್ಳುತ್ತಿದ್ದರು.

ಹುಲ್ಲು ಗುಡ್ಡದ್ದು, ಆದುದರಿಂದ ಎಲ್ಲರದು ಎಂದು ಬಗೆಯಲಾಗದು. ದಕ್ಷಿಣ ಕನ್ನಡದ ಕಂದಾಯ ಕ್ರಮದಲ್ಲಿ ವರ್ಗದಾರನಿಗೆ ತನ್ನ ಜಮೀನಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಹುಲ್ಲು ತರುವ ‘ಕುಮ್ಕಿ’ ಸೌಕರ್ಯವಿತ್ತು. ಜಮೀನಿಲ್ಲದವನಿಗೆ ಅದು ಎಲ್ಲಿಂದ? ಅವನು ಒಡೆಯನನ್ನು ಕೇಳಬೇಕು, ಇಲ್ಲವೇ ಬೇಗ ಹಾಳಾಗುವ ಮಡಲನ್ನೋ ಬೈಹುಲ್ಲನ್ನೋ ಹೊದೆಸಬೇಕು. ಹುಲ್ಲುಮನೆಯ ತಂಪನ್ನು ಇಂದು ಹೊಗಳುವವರು ಸೋರುವ ಮಾಡಿನಡಿಯಲ್ಲಿ ಆಷಾಢವನ್ನು ಕಳೆದವರ ಮಾತನ್ನೂ ಕೇಳುವುದು ಒಳ್ಳೆಯದು. ಅತ್ತ ಮಧೂರಿನ ದೇವಾಲಯದ ಗಜಪೃಷ್ಠದ ಮಾಡಿಗೆ ತಾಮ್ರದ ತಗಡು ಹೊದೆಸಿತ್ತು. ಹೊದಿಕೆಯ ಆಯ್ಕೆ ಎಂದೂ ಹವೆಯೊಂದರಿಂದಲೇ ನಿರ್ಣಯವಾಗಲಿಲ್ಲ.

1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಒಂದರೊಳಗೊಂದು ಕಚ್ಚಿಕೊಳ್ಳುವ ಆ ಕೆಂಪು ಹಂಚು ಬೆಂಕಿಗೆ ಅಂಜದು, ವರ್ಷವರ್ಷವೂ ಬದಲಾಗಬೇಕಿಲ್ಲ. ಮೊದಲು ಉಳ್ಳವರು, ಬಹಳ ಕಾಲದ ಅನಂತರ ಉಳಿದವರು ಅದಕ್ಕೆ ಒಲಿದರು. ಆದರೆ ತೆಳುವಾದ ಹಂಚು ಬಿಸಿಲಿಗೆ ಬೇಗನೆ ಕಾಯುವುದು. ಬೆಂಕಿಗೆಂದು ಹಾಕಿದ ಮಣ್ಣಿನ ಮುಚ್ಚಿಗೆಯೇ ಹಂಚಿನ ಮನೆಯಲ್ಲಿ ಸೆಕೆಯನ್ನು ತಡೆಯುವ ಕೆಲಸಕ್ಕೆ ಬಂದಿತು.

ಇಂದು ಪದವುಗಳಲ್ಲಿ ಮುರಕಲ್ಲಿನ ಕೋರೆಗಳು, ಗೇರು, ರಬ್ಬರು. ಮುಳಿಯನ್ನು ಕಂಡು ಗುರುತಿಸಬಲ್ಲ ವಿದ್ಯಾರ್ಥಿಗಳು ವಿರಳ. ಸೂಡಿ ಕಟ್ಟಿ ಸಾಲುಹಿಡಿದು ಹೊದೆಸಬಲ್ಲ ಕೈಗಳು ಇನ್ನೂ ವಿರಳ. ಊರಿನಲ್ಲಿ ಕಾಂಕ್ರೀಟಿನ ಮನೆಗಳೆದ್ದಿವೆ. ಅವುಗಳಲ್ಲಿ ಎಷ್ಟೋ ಮನೆಗಳ ಮೇಲೆ, ಬಿಸಿಲನ್ನೂ ಸೋರಿಕೆಯನ್ನೂ ತಡೆಯಲೆಂದು, ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಇನ್ನೊಂದು ಇಳಿಜಾರು ಮಾಡನ್ನು ಕಟ್ಟಿರುವರು.