ಓದುವುದು ಉಚಿತ, ಸಂಪಾದಿಸುವ ಖರ್ಚು ಯಾರದು?

ಆಫ್ರಿಕಾದ ವಿಶ್ವವಿದ್ಯಾಲಯಗಳಿಂದ ಹೊರಡುವ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಪ್ರವೇಶದ ಜರ್ನಲ್‌ಗಳಿಗೆ ನೆರವಾಗಬೇಕು ಎಂದಾಗಲೆಲ್ಲ ಚರ್ಚೆ ಜಾಲತಾಣ, ಸಾಫ್ಟ್‌ವೇರ್‌ಗಳತ್ತ ಹೊರಳುತ್ತದೆ. ಜರ್ನಲ್‌ಗಳ ಚರಿತ್ರೆಯನ್ನು ಗಮನಿಸಿದರೆ ನಿಜವಾದ ಕೊರತೆ ಬೇರೆಡೆ ಕಾಣುತ್ತದೆ: ಸಂಪಾದಕರ ದುಡಿಮೆಗೆ ಸಂಬಳವೂ ಇಲ್ಲ, ಮನ್ನಣೆಯೂ ಇಲ್ಲ. ಈ ಜರ್ನಲ್‌ಗಳ ಆರಂಭದಲ್ಲಿ ಉತ್ಸಾಹಕ್ಕೇನೂ ಬರವಿರಲಿಲ್ಲ. ನೈಜೀರಿಯಾದ ಇತಿಹಾಸ ಸಂಘ 1956ರಲ್ಲಿ, ದೇಶ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗಲೇ, ತನ್ನ ಜರ್ನಲ್ ಆರಂಭಿಸಿತು. ವಸಾಹತು ಅಧಿಕಾರಿಗಳ ಕಡತಗಳಾಚೆಗೆ ಆಫ್ರಿಕನ್ನರ ಕಡೆಯಿಂದ ಚರಿತ್ರೆ ಬರೆದ ಇಬಾದಾನ್‌ನ ವಿದ್ವಾಂಸರಿಗೆ ಅದು ನೆಲೆಯಾಯಿತು. 1973ರಲ್ಲಿ ಡಕಾರ್‌ನಲ್ಲಿ ಹುಟ್ಟಿದ ಸಂಶೋಧನಾ ಮಂಡಳಿ ಕೊಡೆಸ್ರಿಯಾ ಸಮಾಜವಿಜ್ಞಾನಗಳಿಗೆ ಅಂಥದೇ ವೇದಿಕೆ ಕಟ್ಟಿತು. ಎಂಬತ್ತರ ದಶಕದ ಸಾಲದ ಬಿಕ್ಕಟ್ಟು ಮತ್ತು ಅದರ ಹಿಂದೆಯೇ ಬಂದ, ಸಾಲದಾತರು ಹೇರಿದ ರಚನಾತ್ಮಕ ಹೊಂದಾಣಿಕೆಯ ಷರತ್ತುಗಳು ಇದನ್ನೆಲ್ಲ ಅಲುಗಿಸಿದವು. ನೈಜೀರಿಯಾದಲ್ಲಿ 1986ರ ನಂತರ ಅಲ್ಲಿನ ನಾಣ್ಯ ನಾಯಿರಾದ ಬೆಲೆ ಕುಸಿದು ಆಮದು ದುಬಾರಿಯಾಯಿತು. ಗ್ರಂಥಾಲಯಗಳಿಗೆ ವಿದೇಶಿ ಜರ್ನಲ್‌ಗಳ ಚಂದಾ ಕಟ್ಟುವುದೂ ಕಷ್ಟವಾಯಿತು.

ಅಂತರಜಾಲ ಬಂದ ಮೇಲೆ ಈ ಸಂಕಟದ ಒಂದು ಪಾಲು ಕಳೆಯಿತು. 1998ರಲ್ಲಿ ಬ್ರಿಟನ್ನಿನ ಐನಾಸ್ಪ್ ಸಂಸ್ಥೆ ಆರಂಭಿಸಿದ 'ಆಫ್ರಿಕನ್ ಜರ್ನಲ್ಸ್ ಆನ್‌ಲೈನ್' 2005ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದು ನೆಲೆಸಿತು. ಇಂದು 30ಕ್ಕೂ ಹೆಚ್ಚು ದೇಶಗಳ 500ಕ್ಕೂ ಮೀರಿದ ಜರ್ನಲ್‌ಗಳು ಅಲ್ಲಿ ಸಿಗುತ್ತವೆ. 2002ರ ಬುಡಾಪೆಸ್ಟ್ ಘೋಷಣೆ ಮುಕ್ತ ಪ್ರವೇಶಕ್ಕೆ ಸಿದ್ಧಾಂತದ ಬಲ ಕೊಟ್ಟಿತು. ಕೆನಡಾದಲ್ಲಿ ರೂಪುಗೊಂಡ ಉಚಿತ ತಂತ್ರಾಂಶ 'ಓಪನ್ ಜರ್ನಲ್ ಸಿಸ್ಟಮ್ಸ್' ಸಲಕರಣೆಯನ್ನು ಒದಗಿಸಿತು. ಮುದ್ರಣ, ಅಂಚೆಗಳ ಹೊರೆ ಇಳಿಯಿತು. ಆದರೆ ಲೇಖನಗಳನ್ನು ಪರಿಶೀಲಿಸುವ ಪರಾಮರ್ಶಕರನ್ನು ಹುಡುಕುವುದು, ಅವರಿಗೆ ಮತ್ತೆ ಮತ್ತೆ ಜ್ಞಾಪಿಸುವುದು, ಕೃತಿಚೌರ್ಯ ಪತ್ತೆಹಚ್ಚುವುದು, ಭಾಷೆ ತಿದ್ದುವುದು, ಜರ್ನಲ್‌ಗಳನ್ನು ಪಟ್ಟಿಮಾಡುವ ಸೂಚಿಗಳು ಕೇಳುವ ವಿನ್ಯಾಸಕ್ಕೆ ಲೇಖನವನ್ನು ಒಗ್ಗಿಸುವುದು ಯಾವ ಯಂತ್ರದಿಂದಲೂ ತಾನಾಗಿ ಆಗುವುದಿಲ್ಲ. ಪಾಠ ಮುಗಿಸಿದ ಅಧ್ಯಾಪಕರೊಬ್ಬರು ಉಳಿದ ಹೊತ್ತಿನಲ್ಲಿ ಇದನ್ನೆಲ್ಲ ಮಾಡುತ್ತಾರೆ. ಅವರು ನಿವೃತ್ತರಾದರೆ ಎಷ್ಟೋ ಕಡೆ ಜರ್ನಲ್ ಕೂಡ ನಿಲ್ಲುತ್ತದೆ.

ಇಷ್ಟು ಕಷ್ಟಪಡುವುದಕ್ಕಿಂತ ಹೆಸರಾಂತ ಅಂತರರಾಷ್ಟ್ರೀಯ ಜರ್ನಲ್‌ಗಳಲ್ಲೇ ಬರೆಯಬಹುದಲ್ಲ, ಬಡ ದೇಶದವರಿಗೆ ಪ್ರಕಟಣೆಯ ಶುಲ್ಕದಲ್ಲಿ ವಿನಾಯಿತಿಯೂ ಇದೆಯಲ್ಲ ಎಂದು ಕೇಳುವವರಿದ್ದಾರೆ. 'ನೇಚರ್' ಪತ್ರಿಕೆ 2020ರಲ್ಲಿ ಮುಕ್ತ ಪ್ರಕಟಣೆಗೆಂದು ಘೋಷಿಸಿದ ಶುಲ್ಕ ಲೇಖನವೊಂದಕ್ಕೆ 9,500 ಯೂರೊ. ವಿನಾಯಿತಿ ನಿರ್ಧಾರವಾಗುವುದು ದೇಶದ ಸರಾಸರಿ ಆದಾಯದ ಮೇಲೆ. ಹಾಗಾಗಿ ದಕ್ಷಿಣ ಆಫ್ರಿಕಾದ ಬಡ ವಿಭಾಗವೊಂದರ ಸಂಶೋಧಕನಿಗೂ ಅದು ಸಾಮಾನ್ಯವಾಗಿ ದಕ್ಕದು. ದಕ್ಕಿದರೂ ಒಬ್ಬ ಲೇಖಕನ ಒಂದು ಲೇಖನ ಪ್ರಕಟವಾದೀತೇ ಹೊರತು ಆ ನೆಲದಲ್ಲಿ ಒಬ್ಬ ಸಂಪಾದಕ ತಯಾರಾಗುವುದಿಲ್ಲ. ಯಾವ ಪ್ರಶ್ನೆ ಮುಖ್ಯ ಎಂದು ತೀರ್ಮಾನಿಸುವ ಅಧಿಕಾರವೂ ದೂರದಲ್ಲೇ ಉಳಿಯುತ್ತದೆ. ಇಥಿಯೋಪಿಯಾದ ತೆಫ್ ಧಾನ್ಯದ ರೋಗದ ಬಗ್ಗೆ ಬರೆದವರಿಗೆ, ಆ ಹೊಲವನ್ನು ಬಲ್ಲ ಪರಾಮರ್ಶಕರು ಬೇಡವೆ? ಹಣವೇ ಇಲ್ಲ ಎನ್ನುವ ಮಾತೂ ಎಲ್ಲ ಕಡೆ ನಿಲ್ಲುವುದಿಲ್ಲ. ಮಾನ್ಯತೆ ಪಡೆದ ಜರ್ನಲ್‌ಗಳಲ್ಲಿ ಬರುವ ಪ್ರತಿ ಲೇಖನಕ್ಕೂ ದಕ್ಷಿಣ ಆಫ್ರಿಕಾದ ಸರ್ಕಾರ ಲೇಖಕರ ವಿಶ್ವವಿದ್ಯಾಲಯಕ್ಕೆ ಸಹಾಯಧನ ಕೊಡುತ್ತದೆ. ಬರೆದವರ ಕಡೆ ಹರಿಯುವ ಆ ಹಣ ತಿದ್ದಿದವರ ಕಡೆ ಹರಿಯುವುದಿಲ್ಲ, ಮತ್ತು ಲೇಖನಗಳ ಸಂಖ್ಯೆ ಹೆಚ್ಚಿಸುವ ಆಮಿಷವನ್ನೂ ಒಡ್ಡುತ್ತದೆ. ಭಾರತ ಕೂಡ 2024ರಲ್ಲಿ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿದ್ದು ಮುಖ್ಯವಾಗಿ ಓದುವ ಹಕ್ಕನ್ನು ಕೊಳ್ಳಲಿಕ್ಕೆ.

ಗುಣಮಟ್ಟದ ಆಕ್ಷೇಪ ಇನ್ನೂ ಗಂಭೀರವಾದುದು. ಹಣ ಪಡೆದು ಏನನ್ನು ಬೇಕಾದರೂ ಪ್ರಕಟಿಸುವ ನಕಲಿ ಜರ್ನಲ್‌ಗಳು ಆಫ್ರಿಕಾದಲ್ಲೂ ಇವೆ, ಭಾರತದಲ್ಲೂ ಇವೆ. ಆದರೆ ಅವು ಬದುಕುವುದು ಲೇಖಕರ ಶುಲ್ಕದಿಂದ. ಶುಲ್ಕವನ್ನೇ ಕೇಳದ ವಿಶ್ವವಿದ್ಯಾಲಯದ ಜರ್ನಲಿಗೆ ಕಳಪೆ ಲೇಖನ ತುಂಬಿ ಗಳಿಸುವುದೇನೂ ಇಲ್ಲ. ತಮ್ಮ ವಿಭಾಗದವರದನ್ನೇ ಅಚ್ಚು ಹಾಕುವ ಸ್ವಜನಪಕ್ಷಪಾತ ಮಾತ್ರ ನಿಜವಾದ ಅಪಾಯ. ಹೊರಗಿನ ಪರಾಮರ್ಶಕರು, ಪ್ರಕಟವಾದ ನಿಯಮಗಳು, ಕಾಲಕಾಲಕ್ಕೆ ಮೌಲ್ಯಮಾಪನ ಇದಕ್ಕೆ ಮದ್ದು. ಐನಾಸ್ಪ್ ಮತ್ತು ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ ಸೇರಿ ರೂಪಿಸಿದ ಮಾನದಂಡಗಳು ಜರ್ನಲ್‌ಗಳಿಗೆ ನಕ್ಷತ್ರಗಳ ದರ್ಜೆ ಕೊಡುವುದರ ಜೊತೆಗೆ ಎಲ್ಲಿ ಸುಧಾರಿಸಬೇಕೆಂದೂ ಹೇಳುತ್ತವೆ. ಆ ಸುಧಾರಣೆಗೂ ಬೇಕಾದುದು ಸಂಪಾದಕರ ಸಮಯವೇ.

ಲೇಖಕರಿಂದಲೂ ಓದುಗರಿಂದಲೂ ಹಣ ಕೇಳದ 'ಡೈಮಂಡ್' ಮಾದರಿಗೆ ಈಗ ಗಾಳಿ ಅನುಕೂಲವಾಗಿದೆ. 2021ರಲ್ಲಿ ಯುನೆಸ್ಕೊ ಮುಕ್ತ ವಿಜ್ಞಾನದ ಶಿಫಾರಸನ್ನು ಅಂಗೀಕರಿಸಿತು. ಈ ಮಾದರಿಯ ಎರಡನೇ ಜಾಗತಿಕ ಸಮಾವೇಶ 2024ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲೇ ನಡೆಯಿತು. ಆದರೆ ಯೋಜನೆಯ ಅನುದಾನಕ್ಕೆ ಅವಧಿಯಿದೆ, ಜರ್ನಲಿಗೆ ಇರಬಾರದು. ಆದ್ದರಿಂದ ದಾನಿಗಳು ವೇದಿಕೆ ಮತ್ತು ತರಬೇತಿಯ ಖರ್ಚು ಹೊರಲಿ; ವಿಶ್ವವಿದ್ಯಾಲಯಗಳು ಗ್ರಂಥಪಾಲಕರ ಹುದ್ದೆಯಂತೆಯೇ ಕಾಯಂ ವ್ಯವಸ್ಥಾಪಕ ಸಂಪಾದಕರ ಹುದ್ದೆ ಸೃಷ್ಟಿಸಲಿ, ನಾಲ್ಕೈದು ಜರ್ನಲ್‌ಗಳಿಗೆ ಒಬ್ಬರಾದರೂ ಸರಿ. ಸಂಪಾದಕರಾಗಿ ದುಡಿದ ಅಧ್ಯಾಪಕರ ವರ್ಷಗಳು ಬಡ್ತಿಯ ಅರ್ಜಿಯಲ್ಲಿ ಅಂಕಗಳಾಗಿ ಲೆಕ್ಕಕ್ಕೆ ಬರಲಿ.