ಫ್ಯಾಕ್ಟ್ ಚೆಕ್: ‘ಸಿಂಹದಂತೆ ಒಂದು ದಿನ’ ಟಿಪ್ಪುವಿನ ಕೊನೆಯ ಮಾತೇ?

ಹರಿದಾಡುತ್ತಿರುವ ಸಂದೇಶ

“ನರಿಯಂತೆ ನೂರು ವರ್ಷ ಬದುಕುವುದಕ್ಕಿಂತ ಸಿಂಹದಂತೆ ಒಂದು ದಿನ ಬದುಕುವುದು ಮೇಲು.” ಟಿಪ್ಪು ಸುಲ್ತಾನನ ಚಿತ್ರದ ಜೊತೆ ಈ ಸಾಲು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಪ್ರಾಣ ಬಿಡುವಾಗ ಆಡಿದ ಮಾತಿದು ಎಂದು ಕೆಲವರು ಕಳಿಸುತ್ತಾರೆ. ಇದು ಇಟಲಿಯ ಮುಸೊಲಿನಿಯ ಮಾತು, ಟಿಪ್ಪುವಿಗೆ ಅಂಟಿಸಿದ್ದಾರೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಸರಿಯಿಲ್ಲ.

ದಾಖಲೆ ಏನು ಹೇಳುತ್ತದೆ?

ಟಿಪ್ಪು ಸತ್ತದ್ದು 1799ರ ಮೇ 4ರಂದು. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೇನೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಆ ಯುದ್ಧದ ಬಗ್ಗೆ ಪುಸ್ತಕ ಪ್ರಕಟಿಸಿದ. ಕುರಿಯಂತೆ ಇನ್ನೂರು ವರ್ಷ ಬಾಳುವ ಬದಲು ಹುಲಿಯಂತೆ ಎರಡು ದಿನ ಬಾಳುವುದು ತನಗಿಷ್ಟ ಎಂಬರ್ಥದ ಮಾತನ್ನು ಟಿಪ್ಪುವಿನ ಹೆಸರಿನಲ್ಲಿ ಅದು ದಾಖಲಿಸಿದೆ. ಅಲ್ಲಿ ಸಿಂಹವೂ ಇಲ್ಲ, ನರಿಯೂ ಇಲ್ಲ. ಸಿಂಹಾಸನದಿಂದ ಸೈನಿಕರ ಉಡುಪಿನವರೆಗೆ ಹುಲಿಯ ಗುರುತು ಬಳಸಿದ ದೊರೆಗೆ ಹುಲಿಯ ಹೋಲಿಕೆಯೇ ಹೊಂದುತ್ತದೆ.

ಒಂದು ಎಚ್ಚರಿಕೆ: ಇದು ದೊರೆ ಸತ್ತ ಮೇಲೆ ಎದುರಾಳಿ ಪಾಳಯದವರು ಬರೆದದ್ದು, ಟಿಪ್ಪುವಿನ ಕೈಬರಹವಲ್ಲ.

ಕೊನೆಯ ಮಾತೇ?

ಅಲ್ಲ. ಕೊನೆಯ ಗಳಿಗೆಯಲ್ಲಿ ಜೊತೆಗಿದ್ದ ಸೇವಕ ರಾಜಾ ಖಾನ್‌ನ ಹೇಳಿಕೆ ಬ್ರಿಟಿಷ್ ಬರಹಗಳಲ್ಲಿದೆ. ‘ನೀವು ಯಾರೆಂದು ಇಂಗ್ಲಿಷರಿಗೆ ತಿಳಿಸಿಬಿಡೋಣ’ ಎಂದು ಆತ ಸಲಹೆ ಕೊಟ್ಟಾಗ, ಟಿಪ್ಪು ಗದರಿಸಿ ಸುಮ್ಮನಿರಿಸಿದ ಎನ್ನುತ್ತದೆ ಆ ಹೇಳಿಕೆ.

ಮುಸೊಲಿನಿ ಎಲ್ಲಿಂದ ಬಂದ?

ಸಿಂಹ ಮತ್ತು ಕುರಿಯ ಇದೇ ಬಗೆಯ ಮಾತು 1918ರಲ್ಲಿ, ಮೊದಲ ಮಹಾಯುದ್ಧದ ವೇಳೆ, ಇಟಲಿಯ ಗೋಡೆಯೊಂದರ ಮೇಲೆ ಕಾಣಿಸಿಕೊಂಡಿತ್ತು. ಮುಸೊಲಿನಿ ಆಡಳಿತದ 1928ರ 20 ಲೀರಾ ನಾಣ್ಯದಲ್ಲೂ ಅದು ಅಚ್ಚಾಯಿತು. 2016ರಲ್ಲಿ ಡೊನಾಲ್ಡ್ ಟ್ರಂಪ್ ಅದನ್ನು ರೀಟ್ವೀಟ್ ಮಾಡಿದಾಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಆದರೆ ಬೀಟ್ಸನ್ ಪುಸ್ತಕ ಬಂದಾಗ ಮುಸೊಲಿನಿ ಹುಟ್ಟಿರಲೇ ಇಲ್ಲ.

ನೀವೂ ಹೀಗೆ ಪರಿಶೀಲಿಸಿ

- ಯಾವ ಪುಸ್ತಕ, ಯಾವ ವರ್ಷ, ಕೇಳಿಸಿಕೊಂಡವರು ಯಾರು? ಈ ಮೂರಕ್ಕೆ ಉತ್ತರ ಹುಡುಕಿ.
- ಗೂಗಲ್ ಬುಕ್ಸ್‌ನಲ್ಲಿ ಹಳೆಯ ವರ್ಷಗಳನ್ನಷ್ಟೇ ಆಯ್ದುಕೊಂಡು ಹುಡುಕಿ.
- ಸಿಂಹ ಎಂದು ಹುಡುಕಿದರೆ ಸಿಗದಿದ್ದರೆ ಹುಲಿ ಎಂದು ಹುಡುಕಿ. ಮಾತು ಬಾಯಿಂದ ಬಾಯಿಗೆ ದಾಟುವಾಗ ಪ್ರಾಣಿ, ಸಂಖ್ಯೆ ಎರಡೂ ಬದಲಾಗುತ್ತವೆ.

ನಮ್ಮ ತೀರ್ಮಾನ: ಭಾಗಶಃ ನಿಜ

ಭಾವ ಹಳೆಯ ದಾಖಲೆಯಲ್ಲಿದೆ. ಪದಗಳೂ ಸಂದರ್ಭವೂ ಬದಲಾಗಿವೆ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಶಾಲೆಗಳ ಮಕ್ಕಳು ಪ್ರವಾಸಕ್ಕೆ ಬಂದು ನೋಡುವ ಕೋಟೆಯ ಕಥೆ ಇದು. ಟಿಪ್ಪುವನ್ನು ಹೊಗಳುವವರಿಗೂ ತೆಗಳುವವರಿಗೂ ಬೇಕಾದ ಸಾಲು ಬೇರೆ ಬೇರೆ ಇರಬಹುದು, ಮಕ್ಕಳ ಭಾಷಣಕ್ಕೆ ಬರೆದುಕೊಡುವಾಗ ದಾಖಲೆಯಲ್ಲಿ ಇರುವಷ್ಟನ್ನೇ ಬರೆಯಿರಿ.