ಕಿರುಬೆರಳಿನ ದಾಹಕರ್ಮ: ಚೀನೀ ಪ್ರಸೂತಿವೈದ್ಯದ ಒಂದು ವಿಚಾರ

ಮಾಚಿಪತ್ರೆಯ ಜಾತಿಯ ಗಿಡದ ಒಣಗಿದ ಎಲೆಯನ್ನು ಅರಳೆಯಂತೆ ಕುಟ್ಟಿ ಶರೀರದ ನಿಯತಸ್ಥಾನಗಳಲ್ಲಿ ಉರಿಸುವ ದಾಹಕರ್ಮವು ಚೀನೀಯರಲ್ಲಿ ಅತಿ ಪ್ರಾಚೀನವಾದುದು. ಕ್ರಿ. ಪೂ. 168ರ ಮವಾಂಗ್‌ದುಯಿ ಸಮಾಧಿಯಿಂದ 1973ರಲ್ಲಿ ದೊರೆತ ರೇಷ್ಮೆಯ ಲಿಖಿತಗಳಲ್ಲಿಯೇ ಅದರ ವಿಧಿಯುಂಟು. ತಲೆ ಮೇಲಾಗಿರುವ ಗರ್ಭಸ್ಥ ಶಿಶುವನ್ನು ತಿರುಗಿಸಲೆಂದು ಕಾಲಿನ ಕಿರುಬೆರಳಿನ ಉಗುರಿನ ಹೊರಮೂಲೆಯ ‘ಝಿಯಿನ್’ ಸ್ಥಾನಕ್ಕೆ ಕಾವು ಕೊಡುವ ಈಗಿನ ಪದ್ಧತಿಗೂ ಅಷ್ಟೇ ಪ್ರಾಚೀನತೆಯನ್ನು ಹೇಳುವುದುಂಟು. ಗ್ರಂಥಸಾಕ್ಷ್ಯವು ಇದಕ್ಕೆ ಒಪ್ಪುವುದಿಲ್ಲ.

ಸೋಂಗ್ ಕಾಲದ (960–1279) ವೈದ್ಯಗ್ರಂಥಗಳು ತಾಂಗ್ ಕಾಲದ ವೈದ್ಯ ಝಾಂಗ್ ವೆನ್‌ಝೊಂಗನ ಹೆಸರಿನಲ್ಲಿ ಹೇಳುವ ಪ್ರಯೋಗದಲ್ಲಿ ಶಿಶು ಅಡ್ಡಲಾಗಿದೆ. ಕೈ ಮೊದಲು ಹೊರಬಂದಿದೆ. ಯಂತ್ರಗಳೂ ಔಷಧಗಳೂ ಫಲಿಸಿಲ್ಲ. ಆಗ ಬಲಗಾಲ ಕಿರುಬೆರಳಿನ ತುದಿಯಲ್ಲಿ ಗೋಧಿಕಾಳಿನಷ್ಟು ಗಾತ್ರದ ಮೂರು ಉಂಡೆಗಳನ್ನು ಉರಿಸಬೇಕು. ಇದು ಪ್ರಸವಸಂಕಟದ ಕೊನೆಯ ಉಪಾಯವೇ ಹೊರತು, ನೋವು ಬರುವುದಕ್ಕೆ ವಾರಗಳ ಮುಂಚೆ ಮಾಡುವ ಪರಿವರ್ತನೆಯಲ್ಲ. ಬೆರಳು ಒಂದೇ ಆದ ಮಾತ್ರಕ್ಕೆ ಚಿಕಿತ್ಸೆಯೂ ಒಂದೇ ಎನ್ನಲಾಗದು.

ಈಗಿನ ಪದ್ಧತಿಯ ಪ್ರಮಾಣವನ್ನು ಬೇರೆಡೆ ನೋಡಬೇಕು. ಜಿಯಾಂಗ್‌ಶಿ ಪ್ರಾಂತದ 260 ಚೊಚ್ಚಲ ಗರ್ಭಿಣಿಯರ ಮೇಲೆ 33ನೆಯ ವಾರದಿಂದ ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 35ನೆಯ ವಾರಕ್ಕೆ, ಕಾವು ಪಡೆದ 130 ಮಂದಿಯಲ್ಲಿ 98 ಮಂದಿಯ ಶಿಶುಗಳು ತಲೆ ಕೆಳಗಾಗಿದ್ದುವು. ಪಡೆಯದ 130 ಮಂದಿಯಲ್ಲಿಯೂ 62 ಶಿಶುಗಳು ಹಾಗೆಯೇ ತಿರುಗಿದ್ದುವೆಂಬುದನ್ನು ಮರೆಯುವಂತಿಲ್ಲ.